ಹದಿನಾಲ್ಕು ಕೇಕು ಸುಟ್ಟ ಇನ್ನಾಸಪ್ಪ

ಬೆಳಿಗ್ಗೆ ಐದು ಗಂಟೆ. ಹಲಸೂರು ಬಜಾರಿನ ಹಿಂದಿನ ಗಲ್ಲಿಯ ಬೇಕರಿಯೊಂದರಲ್ಲಿ ಇನ್ನಾಸಪ್ಪನವರು ಭಟ್ಟಿಯ ಬಾಯೊಳಗೆ ಬಲಗೈ ಚಾಚಿಕೊಂಡು ನಿಂತಿದ್ದಾರೆ. ಸೌದೆ ಉರಿದು ಮುಗಿದಿದೆ. ಕೆಂಡವನ್ನೆಲ್ಲ ಕಬ್ಬಿಣದ ಕೊಕ್ಕೆಯಿಂದ ಹೊರಗೆಳೆದು, ಭಟ್ಟಿಯ ನೆಲವನ್ನು ಒದ್ದೆ ಗೋಣಿಯಿಂದ ಒರೆಸಿಯಾಗಿದೆ. ಒಳಗೆ ಉಳಿದಿರುವುದು ಇಟ್ಟಿಗೆ ಹೀರಿಕೊಂಡ ಶಾಖ ಮಾತ್ರ. ಮೊಣಕೈವರೆಗೆ ಒಂದು ಕೂದಲೂ ಇಲ್ಲದ ಆ ಕೈ ಅಲ್ಲಾಡುವುದಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿದೆ. ನಾನು ನಮಸ್ಕಾರ ಎನ್ನುತ್ತೇನೆ. ಪತ್ರಿಕೆಯಿಂದ ಬಂದಿದ್ದೇನೆ, ನಿನ್ನೆ ಹೇಳಿ ಕಳಿಸಿದ್ದೆ ಎನ್ನುತ್ತೇನೆ. ಅವರು ಸರಕ್ಕನೆ ಕೈ ಎಳೆದುಕೊಂಡು ನನ್ನತ್ತ ತಿರುಗುತ್ತಾರೆ.

"ಮಧ್ಯದಲ್ಲಿ ಮಾತಾಡ್ಸಿಬಿಟ್ರಲ್ರೀ. ಎಲ್ಲಿದ್ದೆ ಅನ್ನೋದೇ ಮರ್ತೋಯ್ತು. ಈಗ ಮತ್ತೆ ಮೊದ್ಲಿಂದ ಹೇಳ್ಬೇಕು."

ಅವರು ಹೇಳುತ್ತಿದ್ದದ್ದು ನಮೋಮರಿಯ ಜಪ, ಕ್ರೈಸ್ತರು ದೇವಮಾತೆಗೆ ಹೇಳುವ ಪುಟ್ಟ ಪ್ರಾರ್ಥನೆ. ಈ ಬೇಕರಿಯಲ್ಲಿ ಶಾಖ ಅಳೆಯುವ ಸಾಧನ ಅದೊಂದೇ. ಭಟ್ಟಿಯೊಳಗೆ ಕೈಯಿಟ್ಟು ಜಪ ಶುರು ಮಾಡಬೇಕು. ಶುರುವಾದ ಕೂಡಲೇ ಕೈ ಎಳೆದುಕೊಳ್ಳುವಂತಾದರೆ ಏನನ್ನೂ ಇಡುವಂತಿಲ್ಲ. ಅರ್ಧ ಜಪದವರೆಗೆ ತಡೆದರೆ ಬ್ರೆಡ್ಡು, ಬನ್ನು. ಆಮೆನ್ ಎನ್ನುವವರೆಗೂ ತಡೆದರೆ ಕೇಕು. ಎರಡು ಜಪ ತಡೆದರೆ ರಸ್ಕು. ಇದನ್ನು ಕಲಿಸಿದ್ದು ಅವರಿಗಿಂತ ಮುಂಚೆ ಇದೇ ಭಟ್ಟಿ ನೋಡಿಕೊಳ್ಳುತ್ತಿದ್ದ ಅವರ ಸೋದರಮಾವ. ಥರ್ಮಾಮೀಟರ್ ಇಲ್ಲವೇ ಎಂದು ಕೇಳುತ್ತೇನೆ. ಮಾಲೀಕರು ಒಂದು ತಂದಿದ್ದರಂತೆ, ವಾರದೊಳಗೆ ಅದರ ಗಾಜು ಒಡೆದುಹೋಯಿತಂತೆ. ಅದನ್ನು ಹೇಳುವಾಗ ಇನ್ನಾಸಪ್ಪನವರ ಮುಖದಲ್ಲಿ ದುಃಖವೇನೂ ಕಾಣುವುದಿಲ್ಲ.

ನನ್ನ ಸಂಪಾದಕರಿಗೆ ಬೇಕಾಗಿದ್ದು ಬೇರೆ. "ಕ್ರಿಸ್‌ಮಸ್ ವಾರ. ಎಲೆಮರೆಯ ಕಾಯಿ ಒಬ್ಬರನ್ನ ಹಿಡಿ. ದಿನನಿತ್ಯದ ಬದುಕಲ್ಲಿ ದೇವರ ಕೃಪೆ ಕಾಣೋರು ಆಗಿರ್ಲಿ. ಓದಿದೋರ ಕಣ್ಣಲ್ಲಿ ಸ್ವಲ್ಪ ನೀರು ಬರ್ಲಿ" ಎಂದು ಅಪ್ಪಣೆ ಕೊಟ್ಟು ಅವರು ಊಟಕ್ಕೆ ಹೊರಟುಹೋದರು. ಗದಗದ ಕಡೆಯಿಂದ ಬಂದು ಹೊಸ ತಿಪ್ಪಸಂದ್ರದಲ್ಲಿ ರೂಮು ಮಾಡಿಕೊಂಡಿರುವ ನನ್ನಂಥವನಿಗೆ ಕೃಪೆ ಕಾಣುವವರ ವಿಳಾಸ ಯಾರು ಕೊಡಬೇಕು? ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಗೆಳೆಯರು ಮೂವರನ್ನು ಕೇಳಿದೆ. ಮೂವರೂ ಇನ್ನಾಸಪ್ಪನವರ ಹೆಸರು ಹೇಳಿದರು, ಹೇಳಿ ಮೂವರೂ ನಕ್ಕರು. ಯಾಕೆ ನಕ್ಕರೆಂದು ಈಗ ಭಟ್ಟಿಯ ಮುಂದೆ ಬೆವರುತ್ತ ನಿಂತಾಗ ಅರ್ಥವಾಗುತ್ತಿದೆ.

"ಕೃಪೆ ಅಂತೀರಾ? ನಮ್ಮಲ್ಲಿ ವರಪ್ರಸಾದ ಅಂತಾರೆ" ಎನ್ನುತ್ತಾರೆ ಇನ್ನಾಸಪ್ಪ. "ಅದ್ರ ಬಗ್ಗೆ ಫಾದರ್ ಹತ್ರ ಕೇಳಿ. ಐದೂವರೆಗೆ ಬ್ರೆಡ್ ಒಳಗೆ ಹೋಗ್ಬೇಕು. ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಸಾರ್, ಹಲಗೆ ಬಡಿಯತ್ತೆ."

ಹಲಗೆ ಎಂದರೆ ಎಂಟಡಿ ಹಿಡಿಯ ಮರದ ಹಲಗೆ. ಅದರ ಮೇಲೆ ಬ್ರೆಡ್ಡಿನ ಅಚ್ಚುಗಳನ್ನಿಟ್ಟು ಭಟ್ಟಿಯ ಆಳಕ್ಕೆ ತಳ್ಳಿ, ಹಲಗೆಯನ್ನು ಮಾತ್ರ ಹಿಂದಕ್ಕೆಳೆಯುತ್ತಾರೆ. ನಾನು ಆ ಕಡೆ ನಿಂತರೂ ಅದು ಬಡಿಯುತ್ತದೆ.

ಇನ್ನಾಸಪ್ಪನವರಿಗೆ ಐವತ್ತೆಂಟು ವರ್ಷ. ಮರ್ಫಿ ಟೌನಿನ ಒಂದೂವರೆ ಕೋಣೆಯ ಮನೆಯಿಂದ ಬೆಳಗಿನ ಜಾವ ಮೂರೂವರೆಗೆ ಸೈಕಲ್ ಹತ್ತುತ್ತಾರೆ. ಭಟ್ಟಿಗೆ ದಿನಕ್ಕೆ ನಾಲ್ಕು ಹೊರೆ ನೀಲಗಿರಿ ಸೌದೆ. ಇನ್ನೂರ ಎಂಬತ್ತು ಬ್ರೆಡ್ಡು, ಆರುನೂರು ಬನ್ನು, ಆಮೇಲೆ ಖಾರದ ಬಿಸ್ಕತ್ತು, ಹತ್ತು ಗಂಟೆಯ ಇಳಿಶಾಖಕ್ಕೆ ಹನ್ನೆರಡು ತಟ್ಟೆ ರಸ್ಕು. ಇದು ಮೂವತ್ತಾರು ವರ್ಷಗಳಿಂದ ನಡೆದುಕೊಂಡು ಬಂದಿದೆ. ಏಪ್ರಿಲ್‌ನಲ್ಲಿ ಭಟ್ಟಿಯ ಮುಂದೆ ನಿಂತು ನೋಡಬೇಕು ಎನ್ನುತ್ತಾರೆ, ಡಿಸೆಂಬರಿನಲ್ಲೇ ನನಗೆ ಸಾಕಾಗಿದೆ. ಕಾಲಿನ ನರಗಳು ಊದಿ ಹಗ್ಗದಂತಾಗಿವೆ. ಶುಗರ್ ಇದೆ. ಎಡಗಣ್ಣಿಗೆ ಪೊರೆ ಬಂದಿದೆ. ಹೆಂಡತಿ ಜ್ಞಾನಮ್ಮ ಇಂದಿರಾನಗರದ ಮೂರು ಮನೆಗಳಲ್ಲಿ ಅಡುಗೆ ಮಾಡುತ್ತಾರೆ. ಮಕ್ಕಳಿಬ್ಬರ ಮದುವೆಯಾಗಿದೆ. ಇಷ್ಟನ್ನು ಅವರ ಬಾಯಿಂದ ಹೊರಡಿಸಲು ನನಗೆ ಎರಡು ಗಂಟೆ ಹಿಡಿಯಿತು. ಪ್ರತಿ ಪ್ರಶ್ನೆಗೂ ಅವರ ಮೊದಲ ಉತ್ತರ ಒಂದೇ: "ಅದ್ಯಾಕೆ ನಿಮ್ಗೆ?"

ಎಂಟು ಗಂಟೆಗೆ ನಿನ್ನೆ ಮಾರಾಟವಾಗದ ಬ್ರೆಡ್ಡು ಅಂಗಡಿಗಳಿಂದ ವಾಪಸು ಬರುತ್ತದೆ. ಅದನ್ನು ಹೋಳು ಮಾಡಿ ತಟ್ಟೆಗಳಲ್ಲಿ ಜೋಡಿಸುತ್ತಾರೆ. ಯಾರಿಗೂ ಬೇಡವಾದದ್ದು ಎರಡನೇ ಸಲ ಶಾಖ ಕಂಡು, ತಿಂಗಳುಗಟ್ಟಲೆ ಕೆಡದ ರಸ್ಕಾಗುತ್ತದೆ. ನನಗೆ ರೋಮಾಂಚನ. ನನ್ನ ಲೇಖನ ಸಿಕ್ಕಿತು ಎಂದು ಪೆನ್ನು ತೆಗೆಯುತ್ತೇನೆ. ಇದರಲ್ಲಿ ನಿಮಗೆ ವಿಮೋಚನೆ ಕಾಣುವುದಿಲ್ಲವೇ ಎಂದು ಕೇಳಿಯೂ ಬಿಡುತ್ತೇನೆ. ಇನ್ನಾಸಪ್ಪ ತಲೆ ಚಚ್ಚಿಕೊಳ್ಳುತ್ತಾರೆ.

"ಅಯ್ಯೋ, ಅದನ್ನ ಬರೀಬೇಡಿ. ನಾನೇ ಒಂದ್ಸಲ ನಮ್ ಫಾದರ್‌ಗೆ ಹೇಳಿದ್ದೆ, ನೋಡಿ ಫಾದರ್, ಜನ ಬಿಸಾಕಿದ್ದನ್ನ ದೇವ್ರು ಹಿಂಗೆ ಎತ್ಕೊಂಡು ರಸ್ಕ್ ಮಾಡ್ತಾರೆ ಅಂತ. ಅವ್ರಿಗೆ ಭಾಳ ಖುಷಿಯಾಗ್ಬಿಡ್ತು. ಭಾನುವಾರ ಚರ್ಚಿನ ಪ್ರಸಂಗದಲ್ಲಿ ಅದನ್ನೇ ಹೇಳಿದ್ರು. ಸೋಮವಾರ ಜನ ಬಂದು, ಏನ್ ಇನ್ನಾಸಪ್ಪ, ಹಳೇ ಬ್ರೆಡ್ಡಲ್ಲಿ ರಸ್ಕ್ ಮಾಡ್ತೀರಂತೆ ಅಂತ ತಗೊಳ್ಳೋದೇ ಬಿಟ್ರು. ಒಂದ್ ತಿಂಗ್ಳು ರಸ್ಕ್ ಹಂಗೇ ಕೂತಿತ್ತು."

ಎಲ್ಲ ಊರಿನ ಎಲ್ಲ ಬೇಕರಿಯಲ್ಲೂ ರಸ್ಕು ಹೀಗೇ ಆಗುವುದು ಎಂಬುದು ಓದುಗರಿಗೆ ಗೊತ್ತಿರಲಿ. ಇನ್ನಾಸಪ್ಪನವರನ್ನು ಇನ್ನೊಮ್ಮೆ ಕಷ್ಟಕ್ಕೆ ದೂಡುವ ಆಸೆ ನನಗಿಲ್ಲ.

ಅವರ ಗಮನ ನನ್ನ ಮೇಲಿಲ್ಲ ಎಂಬುದು ಅಷ್ಟು ಹೊತ್ತಿಗೆ ನನಗೂ ತಿಳಿಯುತ್ತದೆ. ಗಲ್ಲಿಯ ತುದಿಯಲ್ಲಿ ಆಟೋ ನಿಂತ ಸದ್ದಾದಾಗಲೆಲ್ಲ ಹಲಗೆ ಬಿಟ್ಟು ಬಾಗಿಲಿಗೆ ಹೋಗಿ ಇಣುಕುತ್ತಾರೆ. ಯಾರೋ ಒಬ್ಬರು ಬಟ್ಟೆ ಮುಚ್ಚಿದ ಟಿನ್ನು ಹಿಡಿದು ಇಳಿಯುತ್ತಾರೆ. ಇನ್ನಾಸಪ್ಪ ಮುಖ ಗಂಟಿಕ್ಕಿಕೊಂಡು ವಾಪಸು ಬರುತ್ತಾರೆ.

ಟಿನ್ನಿನ ಕತೆ ಹೀಗಿದೆ. ಕ್ರಿಸ್‌ಮಸ್‌ಗೆ ಮುಂಚಿನ ವಾರ ಹಲಸೂರು, ಮರ್ಫಿ ಟೌನು, ಜೀವನ್ ಬಿಮಾ ನಗರದ ಕಡೆಯ ಕ್ರೈಸ್ತರ ಮನೆಗಳವರು ಕೇಕಿನ ಹಿಟ್ಟನ್ನು ಮನೆಯಲ್ಲೇ ಕಲಸಿ, ತಮ್ಮದೇ ಟಿನ್ನಿಗೆ ಸುರಿದು, ಹೆಸರು ಬರೆದ ಚೀಟಿ ಅಂಟಿಸಿ ಇಲ್ಲಿಗೆ ತರುತ್ತಾರೆ. ಮನೆಯಲ್ಲಿ ಓವನ್ ಇದ್ದವರೂ ತರುತ್ತಾರೆ. ಸೌದೆ ಭಟ್ಟಿಯ ಕೇಕಿನ ರುಚಿ ಕರೆಂಟಿನ ಕೇಕಿಗೆ ಬಾರದು ಎಂಬುದು ಈ ಕಡೆಯವರ ಹಟ. ಚೀಟಿ ಶಾಖಕ್ಕೆ ಉದುರಿಹೋದರೂ ಇನ್ನಾಸಪ್ಪ ಟಿನ್ನಿನ ನೆಗ್ಗು ನೋಡಿ ಇದು ಯಾರ ಮನೆಯದು ಎಂದು ಹೇಳಬಲ್ಲರು. ಆ ಟಿನ್ನುಗಳೊಳಗೆ ಇರುವುದು ತಿಂಗಳ ಮುಂಚೆ ನೆನೆಹಾಕಿದ ದ್ರಾಕ್ಷಿ, ಅಜ್ಜಿಯ ಅಳತೆ, ಮನೆಮಂದಿಯೆಲ್ಲ ಸರದಿಯ ಮೇಲೆ ಕಲಸಿದ ಕೈನೋವು. ಅದನ್ನು ಬೇರೆಯವರ ಕೈಗೆ ಕೊಟ್ಟು ಹೋಗಲು ನಂಬಿಕೆ ಬೇಕು.

ಕಳೆದ ವರ್ಷ, ಅಂದರೆ ಎರಡು ಸಾವಿರದ ಎರಡರ ಡಿಸೆಂಬರ್ ಇಪ್ಪತ್ತೆರಡರ ಭಾನುವಾರ, ಇನ್ನಾಸಪ್ಪ ಅಂಥ ಹದಿನಾಲ್ಕು ಟಿನ್ನುಗಳನ್ನು ಒಮ್ಮೆಗೇ ಸುಟ್ಟರು.

"ಎಂಟೂವರೆಗೆ ಕನ್ನಡ ಪೂಜೆ. ಲೇಟಾಗಿತ್ತು. ಹೊರಗೆ ಜನ, ಇನ್ನೂ ಆಗ್ಲಿಲ್ವಾ ಇನ್ನಾಸಪ್ಪ, ಇನ್ನೂ ಆಗ್ಲಿಲ್ವಾ ಅಂತ ಪ್ರಾಣ ತಿಂತಿದ್ರು. ತಲೆ ಕೆಟ್ಟೋಗಿತ್ತು. ಕೈ ಇಟ್ಟೆ, ಜಪ ಮುಗೀತು, ಕೈ ತಡೀತು. ಸರಿ ಅಂತ ಎಲ್ಲಾ ತಳ್ಳಿ ಬಾಗ್ಲು ಮುಚ್ಚಿ ಚರ್ಚಿಗೆ ಓಡಿದೆ. ಪೂಜೇಲಿ ಎಲ್ರೂ ಜೊತೇಲಿ ಜಪ ಹೇಳೋವಾಗ ಗೊತ್ತಾಯ್ತು. ಅವ್ರಿನ್ನೂ ಅರ್ಧದಲ್ಲಿದ್ರು, ನಾನು ಮುಗಿಸಿಬಿಟ್ಟಿದ್ದೆ. ಭಟ್ಟಿ ಮುಂದೇನೂ ಹಂಗೇ ಓಡ್ಸಿದೀನಿ. ಅದು ಬ್ರೆಡ್ಡಿನ ಶಾಖ ಸಾರ್, ಕೇಕಿಂದಲ್ಲ. ವಾಪಸ್ ಓಡಿ ಬಂದೆ. ಮೇಲೆಲ್ಲಾ ಹಂಚಿನ ಥರ ಕರ್ರಗಾಗಿತ್ತು."

ಪೂಜೆಗೆ ಹೋಗುವ ಆತುರದಲ್ಲಿ ಪ್ರಾರ್ಥನೆಯನ್ನು ಗಡಿಬಿಡಿ ಮಾಡಿ ಊರಿನ ಕೇಕು ಸುಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ನಡೆದದ್ದೇ ಇನ್ನಾಸಪ್ಪನವರಿಗೆ ಇಂದಿಗೂ ಸಹಿಸಲಾಗದ್ದು. ಬೇಕರಿಯ ಮಾಲೀಕರು ಇನಾಯತ್ ಉಲ್ಲಾ. ಅವರ ತಂದೆಯ ಕಾಲದಲ್ಲೇ ಇನ್ನಾಸಪ್ಪ ಕೆಲಸಕ್ಕೆ ಸೇರಿದವರು. ಜನ ಬಂದು ಕೂಗಾಡಿದಾಗ ಇನಾಯತ್ ಉಲ್ಲಾ ಮುಂದೆ ನಿಂತು, ತಪ್ಪು ನನ್ನದು, ಬೇಗ ಇಡು ಎಂದು ನಾನೇ ಹೇಳಿದೆ, ಇನ್ನಾಸಪ್ಪ ಬೇಡ ಬೇಡ ಎಂದರು ಎಂದುಬಿಟ್ಟರು. ಹದಿಮೂರು ಮನೆಯವರು ಅವರನ್ನೇ ಬೈದು, ಬೇಕರಿಯಿಂದ ಹೊಸ ಕೇಕು ಮಾಡಿಸಿಕೊಂಡು ಹೋದರು.

"ಸುಳ್ಳು ಸಾರ್. ಅವತ್ತು ಕೇಕ್ ಒಳಗಿಡೋವಾಗ ಭಾಯ್ ಬೇಕರೀಲೇ ಇರ್ಲಿಲ್ಲ. ನಂಗೋಸ್ಕರ ಬೈಸ್ಕೊಂಡ್ರು. ಒಂದ್ ಮಾತು ನಂಗೆ ಬೈಲಿಲ್ಲ. ಸಂಬಳ ಹಿಡೀಲಿಲ್ಲ. ಮೂರ್ ತಿಂಗ್ಳು ರಜಾ ಇಲ್ದೆ ಬರ್ತೀನಿ ಅಂದೆ, ಮನೇಗ್ ಹೋಗಿ ಮಲ್ಕೋ ಅಂದ್ರು. ಬೈದಿದ್ರೆ ಅವತ್ತೇ ಮುಗ್ದೋಗ್ತಿತ್ತು. ಈಗ್ ನೋಡಿ, ದಿನಾ ಅವ್ರ ಮುಖ ನೋಡ್ಬೇಕು. ನಾನು ವಾರವಾರ ಚರ್ಚಲ್ಲಿ ಕೂತು ಕೇಳೋ, ಬೇರೆಯೋರ ತಪ್ಪನ್ನ ತನ್ ಮೇಲೆ ಹೊತ್ಕೊಳ್ಳೋ ಕತೇನ ಈ ಮನುಷ್ಯ ನನ್ ಮೇಲೆ ಮಾಡಿ ತೋರ್ಸಿದ್ರು. ಅದೆಷ್ಟ್ ಕಷ್ಟ ಅಂತ ಪ್ರಸಂಗದಲ್ಲಿ ಯಾರೂ ಹೇಳಲ್ಲ."

ಪಾಪನಿವೇದನೆಗೂ ಹೋದರಂತೆ. ಫಾದರ್ ಎಲ್ಲ ಕೇಳಿ, ಪ್ರಾಯಶ್ಚಿತ್ತಕ್ಕೆ ಐದು ನಮೋಮರಿಯ ಹೇಳು ಎಂದರಂತೆ. "ಅದನ್ನ ಹೇಳೋಕೋಗೇ ಅಲ್ವಾ ಫಾದರ್ ಸುಟ್ಟಿದ್ದು" ಎಂದು ಇವರು ಜಗಳಕ್ಕೇ ನಿಂತರಂತೆ.

ಇನಾಯತ್ ಉಲ್ಲಾ ಅವರನ್ನು ಗಲ್ಲಾದಲ್ಲಿ ಹಿಡಿದು, ನಿಮ್ಮದು ದೊಡ್ಡ ಗುಣ ಎನ್ನುತ್ತೇನೆ. ಅವರಿಗೂ ರೇಗುತ್ತದೆ. "ಗುಣ ಗಿಣ ಏನಿಲ್ಲ ಸಾಬ್. ಕ್ರಿಸ್‌ಮಸ್ ಮೂರ್ ದಿನ ಇತ್ತು, ಆಗ ಭಟ್ಟಿಯವರನ್ನ ಓಡ್ಸಿ ಯಾರನ್ನ ತರ್ಲಿ? ನಮ್ ಅಬ್ಬಾ ಹೋದ್ಮೇಲೆ ನಂಗೆ ಈ ಕೆಲ್ಸ ಕಲ್ಸಿದ್ದೇ ಅವ್ರು. ಅವ್ರನ್ನ ಆ ಜನ ಎಲ್ಲಾ ಸೇರಿ ಬೈಯೋದನ್ನ ನಿಂತು ನೋಡೋಕಾಗ್ಲಿಲ್ಲ, ಅಷ್ಟೆ. ಒಂದ್ ವರ್ಷ ಆಯ್ತು, ಇನ್ನೂ ನನ್ ಮೇಲೆ ಮುಖ ಊದಿಸ್ಕೊಂಡವ್ರೆ."

ನಮ್ಮ ಕಡೆ ಮಠದ ಪಂಕ್ತಿಯಲ್ಲಿ ಕೂತವರಿಗೆಲ್ಲ ಪ್ರಸಾದ ಬಡಿಸುತ್ತಾರೆ. ನೀನೇನು ಮಾಡಿ ಬಂದೆ ಎಂದು ಬಡಿಸುವವರು ಕೇಳುವುದಿಲ್ಲ. ಚಿಕ್ಕಂದಿನಿಂದ ಉಂಡಿದ್ದೇನೆ, ಒಮ್ಮೆಯೂ ಯೋಚಿಸಿರಲಿಲ್ಲ. ಹಾಗೆ ಪುಕ್ಕಟೆ ಸಿಕ್ಕಿದ್ದನ್ನು ನುಂಗಲಾರದೆ ಒಬ್ಬ ಮನುಷ್ಯ ವರ್ಷವಿಡೀ ಸಿಡಿಮಿಡಿಗೊಳ್ಳುವುದನ್ನು ನೋಡಿದ ಮೇಲೆ ಈಗ ಯೋಚಿಸುತ್ತಿದ್ದೇನೆ.

ಹದಿಮೂರು ಮನೆಯವರಾದರು. ಹದಿನಾಲ್ಕನೆಯವರು ಜೀವನ್ ಬಿಮಾ ನಗರದ ಫಿಲೋಮಿನಮ್ಮ. ನಿವೃತ್ತ ನರ್ಸ್. ಅವರ ಗಂಡ ಆಗ ಹಾಸಿಗೆ ಹಿಡಿದಿದ್ದರು. ಊಟ ಸೇರುತ್ತಿರಲಿಲ್ಲ, ಕ್ರಿಸ್‌ಮಸ್ ಕೇಕು ಮಾಡು ಎಂದು ಬಾಯಿಬಿಟ್ಟು ಕೇಳಿದ್ದರು. ಫಿಲೋಮಿನಮ್ಮ ಅವತ್ತು ಕೂಗಾಡಲಿಲ್ಲ, ಹೊಸ ಕೇಕನ್ನೂ ಒಪ್ಪಲಿಲ್ಲ. ಕರಕಲಾದ ಟಿನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆಟೋ ಹತ್ತಿದರು. ಇನ್ನಾಸಪ್ಪನವರಿಗೆ ತಡೆಯಲಾಗಲಿಲ್ಲ. ಇಪ್ಪತ್ನಾಲ್ಕರಂದು ಅವರ ಮನೆಗೆ ಹೋಗಿ, ಭಾಯ್ ಹೇಳಿದ್ದು ಸುಳ್ಳು, ಸುಟ್ಟಿದ್ದು ನಾನು ಎಂದರು. ಅವರು ಬಾಗಿಲು ಮುಚ್ಚಿಕೊಂಡರು. ಜನವರಿ ಒಂಬತ್ತಕ್ಕೆ ಗಂಡ ತೀರಿಕೊಂಡರು. ಅಂದಿನಿಂದ ಚರ್ಚಿನಲ್ಲಿ ಇನ್ನಾಸಪ್ಪನವರನ್ನು ಕಂಡರೆ ಫಿಲೋಮಿನಮ್ಮ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಾರೆ.

"ಸಾಯೋ ಮನುಷ್ಯ ಆಸೆಪಟ್ಟಿದ್ದು. ಅದನ್ನ ನಾನು ಸುಟ್ಟೆ. ಅದಕ್ಕೆ ಯಾವ್ ಭಾಯ್ ಬೈಸ್ಕೊಂಡ್ರೆ ಏನಾಗತ್ತೆ?" ಎನ್ನುತ್ತಾರೆ. "ಈ ವರ್ಷ ಹದಿಮೂರು ಮನೆಯೋರೂ ಟಿನ್ ತಂದ್ರು. ಆ ಅಮ್ಮ ತಂದಿಲ್ಲ. ತರೋದೂ ಇಲ್ಲ ಬಿಡಿ." ಹೀಗೆ ಹೇಳಿ, ಆಟೋ ಸದ್ದಿಗೆ ಮತ್ತೆ ಬಾಗಿಲಿಗೆ ಹೋಗುತ್ತಾರೆ. ಇಳಿದದ್ದು ಮೈದಾ ಮೂಟೆ.

ಮಾರನೆಯ ದಿನ ನಾನು ಮತ್ತೆ ಹೋಗಬೇಕಾಗಿ ಬಂದದ್ದು ಫೋಟೋಗ್ರಾಫರ್ ಮುಕ್ತಾರ್ ಮೊದಲ ದಿನ ಬಾರದೆ ಕೈಕೊಟ್ಟಿದ್ದರಿಂದ. ಎರಡನೇ ದಿನವೂ ಅವರು ಬರಲಿಲ್ಲ. ಅದಕ್ಕೇ ಈ ಲೇಖನದ ಜೊತೆ ಚಿತ್ರವಿಲ್ಲ. ಹತ್ತು ಗಂಟೆಗೆ ನಾನು ಮೊಬೈಲ್ ಹಿಡಿದು ಮುಕ್ತಾರ್ ಅವರಿಗೆ ಶಾಪ ಹಾಕುತ್ತ ಗಲ್ಲಿಯಲ್ಲಿ ನಿಂತಿದ್ದೇನೆ. ಆಟೋವೊಂದರಿಂದ ಬಿಳಿ ಕೂದಲಿನ, ಬೂದು ಸೀರೆಯ ಹೆಂಗಸೊಬ್ಬರು ಟಿನ್ನನ್ನು ಎದೆಗವಚಿಕೊಂಡು ಇಳಿಯುತ್ತಾರೆ. ನನ್ನನ್ನು ದಾಟಿ ನೇರ ಭಟ್ಟಿಯ ಹತ್ತಿರ ಹೋಗುತ್ತಾರೆ. ಇನ್ನಾಸಪ್ಪನವರ ಕೈಯಲ್ಲಿದ್ದ ಹಲಗೆ ಗೋಡೆಗೆ ಬಡಿಯುತ್ತದೆ. ಹೇಳದೆಯೇ ನನಗೆ ಯಾರೆಂದು ಗೊತ್ತಾಗುತ್ತದೆ.

ವರ್ಷದಿಂದ ಕಾದ ಮನುಷ್ಯ ಆಡಿದ ಮೊದಲ ಮಾತು ಇದು: "ಹತ್ತ್ ಗಂಟೆಗ್ ಬಂದ್ರೆ ಹೆಂಗಮ್ಮಾ? ರಸ್ಕ್ ಒಳಗಿದೆ. ಶಾಖ ಇಳ್ದ್‌ಹೋಗ್ತಿದೆ."

"ಇಳೀಲಿ ಅಂತಾನೇ ಈಗ್ ಬಂದೆ" ಎನ್ನುತ್ತಾರೆ ಫಿಲೋಮಿನಮ್ಮ.

ಇನ್ನಾಸಪ್ಪ ಗೊಣಗುತ್ತಲೇ ಅರೆಬೆಂದ ರಸ್ಕಿನ ತಟ್ಟೆಗಳನ್ನು ಒಂದೊಂದಾಗಿ ಹೊರಗೆಳೆಯುತ್ತಾರೆ. ಗಲ್ಲಾದಿಂದ ಇನಾಯತ್ ಉಲ್ಲಾ ಏನದು ಎಂದು ಕೂಗಿ, ಬಂದು ನೋಡಿ, ಹಿಂದಿರುಗುತ್ತಾರೆ. ಇನ್ನಾಸಪ್ಪ ಒಂದಿಷ್ಟು ಕೆಂಡವನ್ನು ಭಟ್ಟಿಯ ಮೂಲೆಗೆ ತಳ್ಳಿ, ಕಾದು, ಕೈಯಿಡುತ್ತಾರೆ. ಜಪ ಶುರುವಾಗುತ್ತದೆ. ಈ ಸಲ ತುಟಿಯಲ್ಲಲ್ಲ, ಗಟ್ಟಿಯಾಗಿ, ಒಂದೊಂದೇ ಮಾತು. ಅರ್ಧಕ್ಕೆ ಬಂದಾಗ ನಿಲ್ಲಿಸಿ ಫಿಲೋಮಿನಮ್ಮನವರತ್ತ ನೋಡುತ್ತಾರೆ. ಜಪಸರ ಹೇಳುವಾಗ ಮೊದಲರ್ಧ ಒಬ್ಬರು, ಉಳಿದರ್ಧ ಜೊತೆಯವರು ಹೇಳುವುದು ಇವರ ವಾಡಿಕೆಯಂತೆ. ಫಿಲೋಮಿನಮ್ಮ ಟಿನ್ನು ಹಿಡಿದುಕೊಂಡೇ ಉಳಿದರ್ಧ ಹೇಳುತ್ತಾರೆ. ಎಷ್ಟು ನಿಧಾನವೆಂದರೆ ಬೇಕೆಂದೇ ಎಳೆಯುತ್ತಿದ್ದಾರೋ ಎಂದು ನನಗೆ ಗುಮಾನಿ. ಒಳಗಿದ್ದ ಕೈ ಕೆಂಪಗಾಗುತ್ತದೆ, ಹೊರಗೆ ಬರುವುದಿಲ್ಲ. ಆಮೆನ್ ಎಂದ ಮೇಲೆ ಇನ್ನಾಸಪ್ಪ ಕೈ ತೆಗೆದು ಟಿನ್ನಿಗೆ ಚಾಚುತ್ತಾರೆ. ಆಕೆ ಕೊಡುತ್ತಾರೆ.

ಮುಕ್ಕಾಲು ಗಂಟೆ ಕಾಯಬೇಕು. ಫಿಲೋಮಿನಮ್ಮ ಮೈದಾ ಮೂಟೆಯ ಮೇಲೆ ಕೂರುತ್ತಾರೆ. ನೆಲ ನೋಡುತ್ತ ಹೇಳುತ್ತಾರೆ.

"ನಮ್ಮನೆಯೋರು ಅದನ್ನ ತಿಂದ್ರು ಇನ್ನಾಸಪ್ಪ. ಮೇಲಿಂದು ಕೆರೆದು ತೆಗಿ, ಒಳಗಡೇದು ಕೊಡು ಅಂದ್ರು. ನಾಲ್ಕು ದಿನ, ದಿನಾ ಒಂದ್ ಚೂರು. ಚೆನ್ನಾಗಿದೆ ಅಂದ್ರು. ಇನ್ನಾಸಪ್ಪಂಗೆ ಹೇಳು, ಪಾಪ ನೊಂದ್ಕೊಂಡಿರ್ತಾನೆ ಅಂದ್ರು. ನೀವು ಬಂದಾಗ ಹೇಳ್ಲಿಲ್ಲ. ಆಮೇಲೂ ಹೇಳ್ಲಿಲ್ಲ. ನಿಮ್ಗೆ ಸ್ವಲ್ಪ ಉರೀಲಿ ಅಂತ ಇಟ್ಕೊಂಡೆ. ಆಮೇಲೆ ಹೆಂಗ್ ಬಂದು ಹೇಳೋದು ಅಂತ ನಂಗೇ ಗೊತ್ತಾಗ್ಲಿಲ್ಲ."

ಇನ್ನಾಸಪ್ಪ ನನ್ನ ಕಡೆ ತಿರುಗುತ್ತಾರೆ, ನಾನೇ ತಪ್ಪು ಮಾಡಿದಂತೆ.

"ಒಂದ್ ವರ್ಷ ರೀ. ಒಂದ್ ವರ್ಷ ನಾನು ನಿದ್ದೆ ಮಾಡಿಲ್ಲ." ಭುಜದ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಭಟ್ಟಿಯ ಮುಂದೆ ಎಲ್ಲರಿಗೂ ಬೆವರು ಬರುತ್ತದೆ, ಹಾಗೆಂದೇ ಬರೆದುಕೊಳ್ಳಲು ಅಡ್ಡಿಯಿಲ್ಲ. ಆದರೆ ಅವರು ಅಳುತ್ತಿದ್ದಾರೆ. "ನೀವೂ ಮಾಡಿರ್ಲಿಕ್ಕಿಲ್ಲ ಬಿಡಮ್ಮಾ" ಎಂದು ಕೊನೆಗೆ ಆಕೆಗೆ ಹೇಳುತ್ತಾರೆ. ಆಕೆ ಇಲ್ಲ ಎಂದು ತಲೆಯಾಡಿಸುತ್ತಾರೆ.

ಕೇಕು ಹೊರಗೆ ಬರುತ್ತದೆ. ಕಂದು ಬಣ್ಣ, ಮೇಲೆ ಒಂದೇ ಒಂದು ಬಿರುಕು. ಫಿಲೋಮಿನಮ್ಮ ಬಿಸಿಯಲ್ಲೇ ಅಂಚಿನಿಂದ ಒಂದು ಚೂರು ಮುರಿದು ಇನ್ನಾಸಪ್ಪನವರಿಗೆ ಕೊಡುತ್ತಾರೆ. ಶುಗರ್ ಇದೆ ಎಂದು ಗೊಣಗಿ ಬಾಯಿಗೆ ಹಾಕಿಕೊಳ್ಳುತ್ತಾ ಇವರು, ಎರಡು ನಿಮಿಷ ಮುಂಚೆ ತೆಗೆಯಬೇಕಿತ್ತು ಎನ್ನುತ್ತಾರೆ. ಆಕೆ ಟಿನ್ನು ಸುತ್ತಿಕೊಂಡು, ಜನವರಿ ಒಂಬತ್ತಕ್ಕೆ ವರ್ಷದ ಪೂಜೆ ಇದೆ, ಜ್ಞಾನಮ್ಮನನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿ ಹೊರಡುತ್ತಾರೆ. ಆಟೋದವನು ಕಾಯುವಿಕೆಗೆ ದುಪ್ಪಟ್ಟು ಕೇಳುತ್ತಿರುವುದು ಗಲ್ಲಿಯ ತುದಿಯಿಂದ ಕೇಳಿಸುತ್ತದೆ.

ನಾನು ಟಿಪ್ಪಣಿ ಪುಸ್ತಕ ಮುಚ್ಚುತ್ತೇನೆ. ಮೂವತ್ತಾರು ವರ್ಷ ದುಡಿದ ಹಿರಿಯರ ಮರ್ಯಾದೆಯ ಪ್ರಶ್ನೆ, ಅದೂ ಹಬ್ಬದ ವಾರ. ಕೇಕು ಸುಟ್ಟ ವಿಷಯವನ್ನು ಲೇಖನದಲ್ಲಿ ಬಿಟ್ಟುಬಿಡುತ್ತೇನೆ ಎಂದು ಸಮಾಧಾನ ಹೇಳುತ್ತೇನೆ. ಇನ್ನಾಸಪ್ಪ ರಸ್ಕಿನ ತಟ್ಟೆ ಕೆಳಗಿಡುತ್ತಾರೆ.

"ಅದನ್ನ ಬಿಟ್ರೆ ಇನ್ನೇನ್ ಬರೀತೀರಾ? ದಿನಾ ಇನ್ನೂರೆಂಬತ್ ಬ್ರೆಡ್ ಬೇಯಿಸ್ತಾನೆ ಅಂತಾನಾ? ಎಲ್ಲಾ ಭಟ್ಟಿಯೋರೂ ಬೇಯಿಸ್ತಾರೆ. ಹದಿನಾಲ್ಕೂ ಸುಟ್ಟ ಅಂತ ಹೆಸ್ರು ಹಾಕಿ ಬರೀರಿ. ಇಲ್ದಿದ್ರೆ ಇವತ್ತು ಆ ಅಮ್ಮ ನನ್ ಕೈಗೆ ಏನ್ ಕೊಟ್ಟು ಹೋದ್ರು ಅಂತ ಓದೋರ್ಗೆ ಹೆಂಗ್ರೀ ಗೊತ್ತಾಗ್ಬೇಕು?"